ಕಾಂಕ್ರೀಟಿನಡಿಯ ಒಲೆ

ಜಪಾನಿನ ಸೆಂಡಾಯ್ ಸುತ್ತಲಿನ ಹಳ್ಳಿಗಳಲ್ಲಿ ಯಾರಾದರೂ ಮನೆಗೆ ಪಾಯ ತೋಡಿದರೆ, ಮಣ್ಣಿನಲ್ಲಿ ಹಳೆಯ ಕಾಲದ ಕುರುಹು ಇದೆಯೇ ಎಂದು ನೋಡಲು ಊರ ಕಚೇರಿಯಿಂದ ಪುರಾತತ್ವಜ್ಞರೊಬ್ಬರು ಬಂದು ನಿಲ್ಲುತ್ತಿದ್ದರು. ಕೊರೋನಾದಿಂದ ನನ್ನ ಲ್ಯಾಬ್ ಮುಚ್ಚಿತ್ತು. ಸಂಶೋಧನೆಗೆ ಮಣ್ಣು ಬೇಕಾಗಿದ್ದ ನಾನೂ ಅವರ ಜೊತೆ ಹೋಗುತ್ತಿದ್ದೆ. ಅವರ ಮಾಸ್ಕಿನ ಮೇಲೆ ಎರಡು ಕಣ್ಣು, ಸೊಂಟದಲ್ಲಿ ಮಣ್ಣು ಅಗೆಯುವ, ಇನ್ನೂ ಸವೆಯದ ಕರಣೆ. ಜೆಸಿಬಿ ಒಂದೊಂದು ಪದರ ಕೆರೆದಾಗಲೂ ಬಗ್ಗಿ ನೋಡಿ, “ದೈಜೋಬು, ತೊಂದರೆ ಇಲ್ಲ” ಎನ್ನುತ್ತಿದ್ದರು. ಏನಾದರೂ ಸಿಕ್ಕರೆ ಕೆಲಸ ನಿಂತೀತೆಂದು ಹೆದರಿದ ಮನೆಯವರು ಆಗ ಉಸಿರು ಬಿಡುತ್ತಿದ್ದರು.

ಒಮ್ಮೆ ಹಳದಿ ಮಣ್ಣಿನಲ್ಲಿ ಸುಟ್ಟ ಕೆಂಪು ವೃತ್ತವೊಂದು ಕಂಡಿತು. ಸಾವಿರಾರು ವರ್ಷಗಳ ಹಿಂದೆ ಯಾರೋ ಅಡುಗೆ ಮಾಡಿದ ಒಲೆ. ಅವರು ಮಂಡಿಯೂರಿ, ಮಾಸ್ಕ್ ಕೆಳಗಿಳಿಸಿ ಅದನ್ನು ಮೂಸಿದರು. ಕೈ ಕರಣೆಯತ್ತ ಹೋಯಿತು. ಮನೆಯ ಯಜಮಾನ ಓಡಿಬಂದ.

“ದೈಜೋಬು?”

ಅವರು ಕೈ ಹಿಂತೆಗೆದರು. ಫೋಟೊ ತೆಗೆದುಕೊಂಡು, “ಪಾಯ ಇಷ್ಟು ಆಳಕ್ಕೆ ಬರಲ್ಲ. ಮರಳು ಹಾಕಿ ಮುಚ್ಚಿಬಿಡಿ” ಎಂದರು.

“ಅಗೆದು ನೋಡಲ್ವಾ?” ಎಂದು ಕೇಳಿದೆ.

“ಪಾಯ ತಗುಲದಿದ್ರೆ ಅಗೆಯೋ ಹಾಗಿಲ್ಲ. ಹೀಗೆ ಮುಚ್ಚಿಡೋದನ್ನೇ ರಕ್ಷಣೆ ಅಂತಾರೆ.”

ಯಜಮಾನ ಸೊಂಟ ಬಗ್ಗಿಸಿ ವಂದಿಸಿ, ಬಿಸಿ ಕಾಫಿಯ ಡಬ್ಬಿಯೊಂದನ್ನು ಅವರ ಕೈಗಿಟ್ಟ. ಆ ಹಳ್ಳಿಗಳಲ್ಲಿ ಅವರಿಗೆ ಸಿಕ್ಕ ಕೃತಜ್ಞತೆಯೆಲ್ಲ ಏನೂ ಸಿಗದಿದ್ದಕ್ಕೆ, ಇಲ್ಲವೇ ಸಿಕ್ಕಿದ್ದನ್ನು ಮುಚ್ಚಿದ್ದಕ್ಕೆ. ಒಲೆಯ ಮೇಲೆ ಮರಳು ಸಮವಾಗುವವರೆಗೂ ಅವರು ನೋಡುತ್ತ ನಿಂತರು. ಕಾಫಿ ಕೈಯಲ್ಲೇ ತಣ್ಣಗಾಯಿತು.