ತಕ್ಕಡಿಗೊಂದು ಕಾಡಿಗೆಯ ಬೊಟ್ಟು

ಅವರ ಬಲಗೈ ಹೆಬ್ಬೆರಳಿನ ಉಗುರು ವರ್ಷವಿಡೀ ನೇರಳೆ ಬಣ್ಣದ್ದು. ಮದುವೆ ಮನೆಯಲ್ಲಿ ಅಕ್ಷತೆ ಹಾಕುವಾಗಲೂ ಅದನ್ನು ಮರೆಮಾಚಿದವರಲ್ಲ. ಗಾಯಕ್ಕೆ ಹಚ್ಚುವ ನೇರಳೆ ಔಷಧದಲ್ಲಿ ಬೆರಳದ್ದಿ, ಗೌಜಲಹಕ್ಕಿ ಮರಿಗಳ ನೆತ್ತಿಯ ಮೇಲೆ ಗುರುತು ಇಟ್ಟೂ ಇಟ್ಟೂ ಅಂಟಿದ ಬಣ್ಣ ಅದು. ಶಿಗ್ಗಾವಿಯ ಹೊರಗಿನ ಸಣ್ಣ ಸಂಶೋಧನಾ ಕೇಂದ್ರದಲ್ಲಿ ಅವರು ನನ್ನ ಪಿಎಚ್.ಡಿ.ಗೆ ಮಾರ್ಗದರ್ಶಕಿಯಾಗಿದ್ದರು. ಕಾಗದದ ಮೇಲೆ ಡಾಕ್ಟರ್, ಹಕ್ಕಿಶೆಡ್ಡಿನ ಹೆಣ್ಣುಮಕ್ಕಳಿಗೆ ಅಕ್ಕಾರು. ನಾನೂ ಹಾಗೆಯೇ ಕರೆಯುತ್ತಿದ್ದೆ.

ಊರು ಸವಣೂರು. ಊಟದ ನಂತರ ತವರಿನ ವೀಳ್ಯದೆಲೆ ಬಾಯಿಗೆ ಬೀಳುವತನಕ ಯಾರ ಮಾತೂ ಅವರ ಕಿವಿಗೆ ಬೀಳುತ್ತಿರಲಿಲ್ಲ. ಹೊಗಳುವುದು ಅಪರೂಪ, ಬೈಯುವುದು ಇನ್ನೂ ಅಪರೂಪ. ಹಕ್ಕಿಗಳನ್ನು ಹಸಿದ ಹೊಟ್ಟೆಯಲ್ಲಿ ತೂಗಬೇಕು, ತೂಗುವವರು ಮಾತ್ರ ಉಂಡಿರಬೇಕು ಎಂಬುದು ಅವರ ನಿಯಮ. ಅದು ಹುಟ್ಟಿದ್ದಕ್ಕೂ ಒಂದು ಕಾರಣವಿತ್ತು. ಒಮ್ಮೆ ಮೇಲಿನ ಕಚೇರಿಯಿಂದ ಒಬ್ಬ ಸಾಹೇಬರು ಬಂದು, ಕೆಲಸದಲ್ಲಿ ತೃಪ್ತಿ ಇದೆಯೇ ಎಂದು ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದರು. ಹಿರೇಬೆಂಡಿಗೇರಿಯಿಂದ ದಿನಾ ಮೊದಲ ಬಸ್ಸಿಗೆ ಬರುತ್ತಿದ್ದ ಫಕ್ಕೀರವ್ವ ಶೆಡ್ಡಿಗೆ ಹಿರಿಯಳು. ತೃಪ್ತಿ ಆತೇನು ಅಂತ ಉಂಡ ಮ್ಯಾಲೆ ಕೇಳ್ತಾರ್ರಿ, ನಮ್ಮ ಬುತ್ತಿ ಇನ್ನೂ ಬಿಚ್ಚಿಲ್ಲ ಎಂದಳು. ಸಾಹೇಬರು ನಕ್ಕರು, ಅಕ್ಕಾರು ನಗಲಿಲ್ಲ. ಮರುದಿನದಿಂದ ಬುತ್ತಿ ಬಿಚ್ಚಿದ ಮೇಲೆಯೇ ತಕ್ಕಡಿ ಹೊರಗೆ ಬಂತು.

ನನ್ನ ಸಂಶೋಧನೆ ಇಷ್ಟೇ. ಹಿರೇಕೆರೂರಿನ ಗೋವಿನಜೋಳ, ಅಕ್ಕಿಆಲೂರಿನ ಮಿಲ್ಲಿನ ತೌಡು, ಶೇಂಗಾ ಹಿಂಡಿ ಕೂಡಿಸಿ ನಾವೇ ಒಂದು ಆಹಾರ ಮಾಡಿದ್ದೆವು. ಪೇಟೆಯ ಚೀಲದ ಆಹಾರಕ್ಕಿಂತ ಇದರಿಂದ ಮರಿಗಳು ಚೆನ್ನಾಗಿ ಬೆಳೆಯುತ್ತವೆಯೇ ಎಂದು ನೋಡಬೇಕಿತ್ತು. ನಮ್ಮ ಆಹಾರ ತಿನ್ನುವ ಮರಿಗಳ ನೆತ್ತಿಗೆ ನೇರಳೆ ಗುರುತು, ಉಳಿದವಕ್ಕೆ ಗುರುತಿಲ್ಲ. ವಾರಕ್ಕೊಮ್ಮೆ ಎಲ್ಲವನ್ನೂ ಬುಟ್ಟಿಗೆ ತುಂಬಿ, ತೂಗಿ, ನೆತ್ತಿ ನೋಡಿ ಆಯಾ ಗೂಡಿಗೆ ಬಿಡುವುದು ಫಕ್ಕೀರವ್ವನ ಕೆಲಸ. ನಮ್ಮ ಗುಂಪಿನ ತೂಕ ಸರಸರನೆ ಏರುತ್ತಿತ್ತು. ಡಿಗ್ರಿ ಕೈಗೆ ಬಂದಷ್ಟೇ ಎಂದು ನಾನು ಹಿಗ್ಗಿದೆ. ಅಕ್ಕಾರು ಮೊದಲು ಹಾನಗಲ್ಲಿನ ಕೆರೆಗಳಲ್ಲಿ ಮೀನಿನ ಸಂಖ್ಯೆ ಅಂದಾಜು ಮಾಡಿದವರು. ನನ್ನ ಹಿಗ್ಗು ನೋಡಿ, "ಬಲ್ಯಾಗ ಬೀಳದ ಮೀನೂ ಕೆರ್‍ಯಾಗ ಇರತಾವ" ಎಂದಷ್ಟೇ ಹೇಳಿದರು.

ಕೊನೆಯ ತೂಕದ ದಿನ ಅವರು ಒಂದು ದುಂಡನೆಯ ಮರಿಯನ್ನು ಕೈಯಲ್ಲಿ ಹಿಡಿದು, ಅಭ್ಯಾಸದಂತೆ ಹೆಬ್ಬೆರಳಿನಿಂದ ಅದರ ನೆತ್ತಿ ಸವರಿದರು. ಬೆರಳಿಗೆ ಬಂದದ್ದು ನೇರಳೆಯಲ್ಲ, ಕಪ್ಪು. ಮೂಸಿ ನೋಡಿದರು. ಹರಳೆಣ್ಣೆ ದೀಪದ ಕಾಡಿಗೆ.

ಫಕ್ಕೀರವ್ವ ಏನನ್ನೂ ಮುಚ್ಚಿಡಲಿಲ್ಲ. "ಬೆಳಿಯೂ ಜೀವಾನ ವಾರಾ ವಾರಾ ತೂಗಿದ್ರ ನೆದರ ಆಗತೈತ್ರಿ ಅಕ್ಕಾರ. ಚಂದಂಗ ಮೈ ಹಿಡದಿದ್ದವಕ್ಕಷ್ಟ ಒಂದ್ ದೃಷ್ಟಿ ಬೊಟ್ಟು ಇಟ್ಟೇನಿ" ಎಂದಳು. ಎರಡೂ ಗೂಡುಗಳ ಮೇಲೂ ಅವಳಿಗೆ ಅಷ್ಟೇ ಅಕ್ಕರೆ. ಆದರೆ ಶೆಡ್ಡಿನ ಮಬ್ಬಿನಲ್ಲಿ ಕಪ್ಪು ಯಾವುದು, ಮಾಸಿದ ನೇರಳೆ ಯಾವುದು? ಪೇಟೆಯ ಆಹಾರ ತಿಂದು ಮೈತುಂಬಿಕೊಂಡ ಮರಿಗಳೆಲ್ಲ ಕಾಡಿಗೆಯ ದೆಸೆಯಿಂದ ನಮ್ಮ ಗೂಡು ಸೇರಿದ್ದವು. ನನ್ನ ಗುಂಪಿನ ತೂಕ ಏರಿದ್ದು ಹಾಗೆ.

ಅವಳ ಮೇಲೆ ಅಕ್ಕಾರು ದನಿ ಎತ್ತಲಿಲ್ಲ. ಅಷ್ಟೂ ಕೆಲಸವನ್ನು ರದ್ದು ಮಾಡಿ ಹೊಸ ಮರಿಗಳಿಂದ ಶುರು ಮಾಡೋಣ ಎಂದು ನನಗೆ ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಫೆಲೋಶಿಪ್ ಮುಗಿಯುತ್ತಿತ್ತು, ಕೆಲಸದ ಸಂದರ್ಶನವೊಂದು ಎದುರಿಗಿತ್ತು. ಇದು ಯಾರಿಗೆ ಗೊತ್ತಾಗುತ್ತದೆ ಎಂದು ವಾದಿಸಿದೆ. ಅವರು ಬಾಯಲ್ಲಿದ್ದ ಎಲೆ ಉಗುಳಿ ಬಂದು ಎದುರಿಗೆ ಕೂತರು.

"ಯಾವುದೋ ಊರಾಗ ಒಬ್ಬಾಕಿ ನಿನ್ನ ಲೆಕ್ಕಾ ನಂಬಿ ಹಕ್ಕಿ ಸಾಕತಾಳ. ಅವು ಅಷ್ಟ ಬೆಳಿಯೂದಿಲ್ಲ. ಆಕಿ ನಿನ್ನ ಬೈಯೂದಿಲ್ಲವ್ವಾ, ತನ್ನ ಕೈಗುಣ ಸರಿ ಇಲ್ಲ ಅಂತ ಅಳತಾಳ. ಆಕಿಗೆ ಏನ್ ಹೇಳತಿ?"

ಹೊಸ ಮರಿಗಳು ಬಂದವು. ನೆದರಾಗುವುದು ತೂಗುವುದರಿಂದಾದರೆ ಬೊಟ್ಟನ್ನು ತಕ್ಕಡಿಗೇ ಇಡು ಎಂದು ಅಕ್ಕಾರು ಫಕ್ಕೀರವ್ವನಿಗೆ ಹೇಳಿದರು. ಅವಳು ತುಸು ಯೋಚಿಸಿ ಒಪ್ಪಿದಳು. ಆ ಸಲ ನಮ್ಮ ಆಹಾರ ತಿಂದ ಹಕ್ಕಿಗಳು ಪೇಟೆಯ ಆಹಾರ ತಿಂದವಕ್ಕಿಂತ ಸ್ವಲ್ಪ ಹಿಂದೆಯೇ ಉಳಿದವು. ಹಾಗೆಯೇ ಬರೆದೆ. ಡಿಗ್ರಿ ತಡವಾಗಿ ಬಂತು, ಆ ಕೆಲಸ ಬೇರೆಯವರಿಗೆ ಹೋಯಿತು. ಎಷ್ಟೋ ದಿನ ಅಕ್ಕಾರೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆ.

ನಿವೃತ್ತಿಯ ಮರುವರ್ಷ ಅವರು ಕಾಯಿಲೆ ಬಿದ್ದರು. ನಾನೂ ಫಕ್ಕೀರವ್ವನೂ ಹುಬ್ಬಳ್ಳಿಯ ಆಸ್ಪತ್ರೆಗೆ ಹೋದಾಗ ನರ್ಸ್ ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದಳು. ಫಕ್ಕೀರವ್ವ ತನ್ನ ಕಣ್ಣಂಚಿನ ಕಾಡಿಗೆಯನ್ನು ಬೆರಳಿಗೆ ತೆಗೆದು, ಬಾಗಿ ಯಂತ್ರದ ಮೂಲೆಗೊಂದು ಬೊಟ್ಟಿಟ್ಟಳು. ನಮ್ಮ ಮುಖ ನೋಡಿ ನರ್ಸ್ ತೂಕ ಹೇಳಲು ಹಿಂಜರಿದಳು.

"ಇದ್ದದ್ದು ಹೇಳವಾ," ಎಂದರು ಅಕ್ಕಾರು. "ಕಡಿಮಿ ಅಂದ್ರ ಕಡಿಮಿ."

ಅವಳು ಹೇಳಿದಳು. ಅವರು ತಲೆಯಾಡಿಸಿದರು. ಅಷ್ಟರಲ್ಲಿ ಅವರ ಉಗುರು ಬೆಳೆದು ನೇರಳೆ ತುದಿಯಲ್ಲಷ್ಟೇ ಉಳಿದಿತ್ತು. ಮುಂದಿನ ಸಲದ ತೂಕಕ್ಕೆ ಅವರು ಇರಲಿಲ್ಲ.

ಈಗ ನಾನು ಊರೂರು ತಿರುಗಿ ಹೆಣ್ಣುಮಕ್ಕಳಿಗೆ ಹಕ್ಕಿ ಸಾಕುವುದನ್ನು ಕಲಿಸುತ್ತೇನೆ. ಮನೆಯಲ್ಲೇ ಕಲಸಿದ ಆಹಾರ ಅಗ್ಗ, ಆದರೆ ತೂಕ ತುಸು ಕಡಿಮೆಯೇ ಬರುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಕೇಳಿ ಕೆಲವರು ಎದ್ದು ಹೋಗುವುದೂ ಉಂಟು. ಮೊನ್ನೆ ಅಕ್ಕಿಆಲೂರಿನ ಸಂತೆಯಲ್ಲಿ ಹೋದ ವರ್ಷ ಕಲಿತ ಹೆಣ್ಣುಮಗಳೊಬ್ಬಳು ನನ್ನನ್ನು ಗುರುತು ಹಿಡಿದು, ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ತನ್ನ ಹಕ್ಕಿಗಳನ್ನು ತೋರಿಸಿದಳು.

"ನೀವು ಹೇಳಿದಷ್ಟ ಬೆಳದಾವ ನೋಡ್ರಿ," ಎಂದಳು. "ನನ್ನ ಕೈಗುಣ ಚಲೋ ಐತಿ."

ಅದನ್ನು ಕೇಳಲು ಅಕ್ಕಾರು ಇರಬೇಕಿತ್ತು.