ಅಕ್ಕನ ಸೀರೆಗೆ ಬಿದ್ದ ಒದೆ

ಮೊನ್ನೆ ತವರಿಗೆ ಬಂದ ಅಕ್ಕ ತನ್ನ ಮದುವೆಯ ರೇಷ್ಮೆ ಸೀರೆಯನ್ನು ಬೀರುವಿನಿಂದ ತೆಗೆದು ಪಡಸಾಲೆಯಲ್ಲಿ ಗಾಳಿಗೆ ಹರವಿದಳು. ನುಸಿಗುಳಿಗೆಯ ವಾಸನೆ ಮನೆಯೆಲ್ಲ ತುಂಬಿತು. ಆ ವಾಸನೆಗೆ ನನಗೆ ನೆನಪಾದದ್ದು ಮದುವೆಯಲ್ಲ, ಇಬ್ಬರು ಪೊಲೀಸರು. ನಗಬೇಡಿ, ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಚಳ್ಳಕೆರೆಯ ಟಾಕೀಸಿಗೆ ಆಗಾಗ ಹೊರದೇಶದ ಹೊಡೆದಾಟದ ಸಿನಿಮಾಗಳು ತೆಲುಗು ಮಾತಾಡಿಕೊಂಡು ಬರುತ್ತಿದ್ದವು. ಹೆಸರು ಬೇರೆ, ಕಥೆ ಒಂದೇ. ಇಬ್ಬರು ಪೊಲೀಸರು, ಒಬ್ಬನ ಬಾಯಿ ನಿಲ್ಲುವುದಿಲ್ಲ, ಇನ್ನೊಬ್ಬನ ಕಾಲು ನಿಲ್ಲುವುದಿಲ್ಲ. ಇಂಟರ್‌ವಲ್ ತನಕ ಅವರು ಹಾವು ಮುಂಗುಸಿ. ಆಮೇಲೆ ಒಬ್ಬನಿಗೆ ಬರುವ ಗುಂಡಿಗೆ ಇನ್ನೊಬ್ಬ ಭುಜ ಕೊಡುತ್ತಾನೆ. ಖಳನ ಗೋದಾಮಿನಲ್ಲಿ ಗಾಜು ಬಿಟ್ಟರೆ ಬೇರೆ ಸರಕಿರುವುದಿಲ್ಲ. ಮೂವತ್ತು ರೌಡಿಗಳು ನ್ಯಾಯಬೆಲೆ ಅಂಗಡಿಯ ಮುಂದೆ ನಿಂತವರ ಹಾಗೆ ಸರದಿಯಲ್ಲಿ ಬಂದು, ಒಬ್ಬೊಬ್ಬರೇ ಒದೆಸಿಕೊಂಡು ಹೋಗುತ್ತಾರೆ. ಶೇಂಗಾ ಮಂಡಿಯವರ ಮನೆಯಲ್ಲಿ ಬೆಳೆದ ನನಗೆ ಆ ಶಿಸ್ತು ದೊಡ್ಡ ಆಶ್ಚರ್ಯ. ನಮ್ಮ ಮಂಡಿಯಲ್ಲಿ ತೂಕಕ್ಕೆ ಬಂದ ನಾಲ್ಕು ಗಾಡಿಗಳು ಕೂಡ ಸಾಲಾಗಿ ನಿಂತದ್ದನ್ನು ನಾನು ನೋಡಿರಲಿಲ್ಲ.

ನನ್ನ ಜೊತೆ ಆ ಸಿನಿಮಾಗಳನ್ನು ನೋಡುತ್ತಿದ್ದವನು ಸೂರಿ. ಮೊಳಕಾಲ್ಮೂರಿನ ನೇಕಾರರ ಮನೆಯವನು, ನನ್ನ ಕಾಲೇಜಿನವನು, ಹಾಸ್ಟೆಲಿನಲ್ಲಿದ್ದ. ಮನೆಮಾತು ತೆಲುಗು. ಅವನ ಸಹವಾಸದಲ್ಲಿ ನನಗೂ ತೆಲುಗು ಚೆನ್ನಾಗಿ ಬಂದುಬಿಟ್ಟಿತ್ತು, ಇದನ್ನು ನೆನಪಿಟ್ಟುಕೊಳ್ಳಿ. ಬಾಯಿಯ ಪೊಲೀಸ್ ಯಾರು, ಕಾಲಿನ ಪೊಲೀಸ್ ಯಾರು ಎಂಬ ವಿಷಯದಲ್ಲಿ ನಮಗೆ ಜಗಳವಿರಲಿಲ್ಲ. ಕಾಲು ನನ್ನದು. ಟಾಕೀಸಿನಿಂದ ಹೊರಗೆ ಬಂದರೆ ಬೀದಿಯ ಲೈಟು ಕಂಬಗಳಿಗೆ ನನ್ನಿಂದ ನೆಮ್ಮದಿಯಿರಲಿಲ್ಲ.

ಆ ಸಿನಿಮಾಗಳಲ್ಲಿ ಏನಿತ್ತು ಎಂದು ಈಗ ಯಾರಾದರೂ ಕೇಳಿದರೆ ನಾಚಿಕೆಯಿಲ್ಲದೆ ಹೇಳುತ್ತೇನೆ. ಬೆನ್ನ ಹಿಂದೆ ಒಬ್ಬ ನಿಂತಿದ್ದಾನೆ ಎಂಬ ಧೈರ್ಯ ಇತ್ತು. ಅದೊಂದಕ್ಕಾಗಿ ಉಳಿದ ಎರಡು ಗಂಟೆಯ ಗಾಜಿನ ಚೂರುಗಳನ್ನು ಸಹಿಸಬಹುದು. ಸೂರಿಗೆ ಮಾತ್ರ ಇದು ಹೊಸದಲ್ಲ. 'ನಮ್ಮ ಮನ್ಯಾಗೆ ದಿನಾ ಇದೇ ಐತಲೇ' ಎನ್ನುತ್ತಿದ್ದ. ಮೊಳಕಾಲ್ಮೂರು ಸೀರೆಯ ಒಡಲಿನ ಬಣ್ಣ ಬೇರೆ, ಎರಡು ಅಂಚಿನ ಬಣ್ಣ ಬೇರೆ. ಅದಕ್ಕೆ ಒಂದು ಮಗ್ಗಕ್ಕೆ ಇಬ್ಬರು ಕೂರಬೇಕು. ಅವರಪ್ಪ ಪುಲ್ಲಯ್ಯನವರು ಒಡಲು ಮತ್ತು ಒಂದು ಅಂಚಿನ ಲಾಳಿ ಎಸೆದರೆ, ರಜೆಗೆ ಊರಿಗೆ ಹೋದಾಗೆಲ್ಲ ಆ ಕಡೆಯ ಅಂಚಿನ ಲಾಳಿ ಸೂರಿಯದು. ಒಬ್ಬನ ಕೈ ತಪ್ಪಿದರೆ ಇಬ್ಬರ ಕೆಲಸವೂ ಕೆಟ್ಟಿತು.

ಅಕ್ಕನ ಮದುವೆ ಗೊತ್ತಾದಾಗ ಸೀರೆಯನ್ನು ಆ ಮನೆಗೇ ನೇಯಲು ಕೊಟ್ಟೆವು. 'ಎಲ್ಲಿಗೆ ಬಂದೈತೆ ನೋಡ್ಕೊಂಡು ಬಾ' ಎಂದು ಅಪ್ಪ ಒಂದು ಭಾನುವಾರ ನನ್ನನ್ನು ಕಳಿಸಿದರು. ಹಿಂದಿನ ದಿನದ ಮ್ಯಾಟ್ನಿಯ ಬಿಸಿ ನನ್ನ ಕಾಲಿನಲ್ಲಿ ಇನ್ನೂ ಆರಿರಲಿಲ್ಲ. ಪುಲ್ಲಯ್ಯನವರು ಊಟಕ್ಕೆ ಒಳಗೆ ಹೋಗಿದ್ದರು. ಮಗ್ಗದ ಮುಂದೆ ಕೋಣೆಯ ಉದ್ದಕ್ಕೂ ಅಕ್ಕನ ಸೀರೆಯ ಹಾಸು, ಅಂದರೆ ಉದ್ದದ ಎಳೆಗಳು, ಬಿಗಿದಿದ್ದವು. ಆ ಮನೆಯಲ್ಲಿ ಯಾರೂ ಹಾಸನ್ನು ದಾಟುವುದಿಲ್ಲ. ಎಷ್ಟೇ ಅವಸರವಿರಲಿ, ಸುತ್ತಿಕೊಂಡೇ ಬರುತ್ತಾರೆ.

'ನೋಡಲೇ, ನಿನ್ನೆ ಅವನು ಮೇಜಿನ ಮೇಲಿಂದ ಹಾರಿ ಒದ್ನಲ್ಲ' ಎಂದು ನಾನು ಓಡಿ ಬಂದೆ.

'ಬ್ಯಾಡಲೇ' ಎಂದು ಸೂರಿ ಹೇಳಿ ಮುಗಿಸುವ ಮೊದಲೇ ನನ್ನ ಬಲಗಾಲು ಅಕ್ಕನ ಸೀರೆಯೊಳಗಿತ್ತು. ಎಳೆಗಳು ಹರಿದ ಸದ್ದು ದೊಡ್ಡದೇನಲ್ಲ. ಸಿನಿಮಾದಲ್ಲಾದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ನಾನು ಕಾಲು ಕಿತ್ತುಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಪುಲ್ಲಯ್ಯನವರು ಎಂಜಲು ಕೈಯಲ್ಲೇ ಬಂದು ನಿಂತರು.

'ಎವಡ್ರಾ?' ಎಂದರು. ಯಾರು ಎಂದು ಕೇಳುತ್ತಿದ್ದಾರೆ.

'ನೇನೇ ನಾಯ್ನಾ' ಎಂದ ಸೂರಿ. ನಾನೇ ಅಪ್ಪ ಎಂದ. ಭಾಷೆ ತಿಳಿಯಲಿಲ್ಲ ಎಂಬ ನೆಪವೂ ನನಗಿರಲಿಲ್ಲ.

ಅವರು ಹೊಡೆಯಲಿಲ್ಲ. 'ಹಾಸಿನ ಮ್ಯಾಲೆ ಕಾಲಿಟ್ಟೋನು ನನ್ನ ಮಗ್ಗಕ್ಕೆ ಕೂರೋದು ಬ್ಯಾಡ' ಎಂದರು, ನನಗೂ ತಿಳಿಯಲೆಂದು ಕನ್ನಡದಲ್ಲೇ. ಸಿನಿಮಾದಲ್ಲಿ ಇಂಥ ಹೊತ್ತಿಗೆ ಜೊತೆಗಾರ ಬಾಗಿಲು ಮುರಿದುಕೊಂಡು ಒಳಗೆ ಬರುತ್ತಾನೆ. ನಾನು ತೆರೆದಿದ್ದ ಬಾಗಿಲಿನಿಂದ ಹೊರಗೆ ಹೋದೆ. ನಾಲ್ಕು ಗಂಟೆಯ ಚಳ್ಳಕೆರೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಸೂರಿ ನಾಲ್ಕು ದಿನ ಕಾಲೇಜಿಗೆ ಬರಲಿಲ್ಲ. ಹರಿದ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುತ್ತಿದ್ದನಂತೆ. 'ಇವನ ಜೊತೆಗಾರನ ಹುಡುಗಾಟಿಕೆಗೆ ನಮ್ಮ ಸೀರೆ ಬಲಿಯಾಯ್ತು' ಎಂದು ಅಪ್ಪ ಮಂಡಿಯಲ್ಲಿ ಕಂಡಕಂಡವರಿಗೆ ಹೇಳಿದರು. ನಾನು ಪಕ್ಕದಲ್ಲಿ ಕೂತು ಶೇಂಗಾ ಸುಲಿದು ತಿನ್ನುತ್ತಿದ್ದೆ. ಸೂರಿ ಒಂದು ದಿನವೂ ಆ ಮಾತೆತ್ತಲಿಲ್ಲ. ಅವನನ್ನು ಕಂಡರೆ ತಲೆತಪ್ಪಿಸಿಕೊಳ್ಳುವುದನ್ನು ನಾನೇ ಕಲಿತೆ. ಅವನ ಲಾಳಿಗೆ ಅವರವ್ವ ಕೂತರು, ಆಮೇಲೆ ಸೊಸೆ, ಸೂರಿಯ ಹೆಂಡತಿ. ಸೂರಿ ಪಕ್ಕದ ಬೀದಿಯಲ್ಲಿ ಬೇರೆಯವರ ಮಗ್ಗಕ್ಕೆ ಕೂಲಿಗೆ ಹೋಗುತ್ತಾನೆ ಎಂದು ಯಾರೋ ಹೇಳಿದರು. ಪುಲ್ಲಯ್ಯನವರ ಮಾತು ಅಂದರೆ ಮಾತು.

ಅಕ್ಕ ಸೀರೆಯ ಮೇಲೆ ಬೆರಳಾಡಿಸುತ್ತ ಎರಡು ಬೆರಳಗಲದ ಒರಟು ಪಟ್ಟಿಯ ಹತ್ತಿರ ನಿಂತಳು. 'ನಿನ್ನ ಗೆಳೆಯ ಒದ್ದ ಜಾಗ' ಎಂದು ನಕ್ಕಳು. ಇಪ್ಪತ್ತೈದು ವರ್ಷದಿಂದ ಅದೇ ಮಾತು.

'ಒದ್ದೋನು ನಾನು ಕಣಕ್ಕ' ಎಂದೆ.

ಅವಳು ಬೆರಳು ತೆಗೆಯಲಿಲ್ಲ. 'ನಂಗ್ಯಾಕೆ ಹೇಳ್ತೀಯ? ಮೊಳಕಾಲ್ಮೂರಿಗೆ ಬಸ್ಸಿಲ್ವಾ?' ಎಂದಳು.

ಬಸ್ಸಿತ್ತು. ಪುಲ್ಲಯ್ಯನವರು ಈಗಲೂ ಅದೇ ಮಗ್ಗದಲ್ಲಿ ಕೂತಿದ್ದರು, ಎದುರಿನ ಲಾಳಿಗೆ ಸೊಸೆ. ನಾನು ಹೊಸಿಲಿನಾಚೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರ ಕೈ ನಿಂತಿತು. ನನ್ನ ಕಾಲನ್ನೇ ನೋಡಿದರು. ಆಮೇಲೆ ಸೊಸೆಗೆ, 'ಅವನ್ನ ಕರ್ಕೊಂಡು ಬಾರಮ್ಮ' ಎಂದರು.

ಸೂರಿ ಬಂದ. ತಲೆ ಪೂರ್ತಿ ನರೆತಿದೆ. ಪುಲ್ಲಯ್ಯನವರು ಗದ್ದ ಎತ್ತಿ ಎದುರಿನ ಜಾಗ ತೋರಿಸಿದರು. ಸೂರಿ ನನ್ನ ಕಡೆ ತಿರುಗಿ, 'ಇಷ್ಟು ದಿನ ಸುಮ್ನಿದ್ದೋನು ಇನ್ನೂ ಸುಮ್ನಿರೋಕೆ ಏನಾಗಿತ್ತಲೇ' ಎಂದ. ಹಾಸನ್ನು ಸುತ್ತಿಕೊಂಡು ಹೋಗಿ ಕೂತ.

ಲಾಳಿ ಈ ಕೈಯಿಂದ ಹೋಯಿತು, ಆ ಕೈಯಿಂದ ಬಂತು. ಯಾರೂ ನನ್ನನ್ನು ಒಳಗೆ ಕರೆಯಲಿಲ್ಲ. ನಾಲ್ಕು ಗಂಟೆಯ ಬಸ್ಸಿನ ಹಾರನ್ ಕೇಳಿಸಿತು. ಈ ಸಲ ನಾನು ಹೊರಡಲಿಲ್ಲ.