ಬೀಮಿನಿಂದ ಬಿದ್ದ ಹಾಳೆಗಳು

ಇದನ್ನು ಹೇಳಬೇಕೆಂದು ಹೋದ ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಪ್ರತಿ ಸಲ ಒಂದು ಕಪ್ ಚಹಾ ಕುಡಿದು ಸುಮ್ಮನಾಗಿದ್ದೇನೆ.

ನಾನು ಇಳಕಲ್ಲಿನ ನೇಕಾರ, ಓದಿದ್ದು ಹೈಸ್ಕೂಲಿನವರೆಗೆ. ನಮ್ಮ ಸೀರೆಗಳನ್ನು ತೋರಿಸಲು ತಾನೇ ಒಂದು ವೆಬ್ ಪುಟ ಕಟ್ಟಬೇಕೆಂದು ಸೊಸೆ ಕಲಿಯುತ್ತಿದ್ದಳು. ಫೋನಿನಲ್ಲಿ ಸಿಗುವ ವಿಡಿಯೊ, ಆ್ಯಪ್ ಪಾಠಗಳನ್ನೆಲ್ಲ ಜಾಲಾಡಿ, ಹೊಸಬರಿಗೆ ಯಾವುದು ಒಳ್ಳೆಯದು, ಯಾವುದು ಬೇಡ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು.

ಮಗ್ಗದ ಹಿಂದಿನ ಉರುಳೆಗೆ, ಅಂದರೆ ಬೀಮಿಗೆ, ಹಾಸಿನ ಉದ್ದ ಎಳೆಗಳನ್ನು ಸುತ್ತುವಾಗ ಅವು ಒಂದರೊಳಗೊಂದು ಇಳಿಯದಂತೆ ಸುತ್ತುಗಳ ನಡುವೆ ಕಾಗದ ಇಡುತ್ತೇವೆ. ಅಂದು ಕಾಗದ ಸಾಲಲಿಲ್ಲ. ಕೈಗೆ ಸಿಕ್ಕ ನೋಟ್‌ಬುಕ್ಕನ್ನು ತೆರೆದೂ ನೋಡದೆ ಹರಿದು ಇಟ್ಟುಬಿಟ್ಟೆ.

ಸಂಜೆ ಸೊಸೆ ಮನೆಯೆಲ್ಲ ಹುಡುಕಿದಳು. “ಅತ್ತಿ, ರದ್ದಿಯವಗ ಹಾಕಿದ್ರೇನ್ರಿ?”

ನನ್ನ ಹೆಂಡತಿ ಆ ಬೆಳಿಗ್ಗೆಯೇ ರದ್ದಿ ಮಾರಿದ್ದಳು. “ಹಾಕಿರಬೇಕ ನೋಡವಾ. ನನ್ನ ಕಣ್ಣಿಗೇನು ಬಡದಿತ್ತೋ!” ಎಂದು ಅಳುವಂತಾದಳು.

ನಾನು ಹರಿದದ್ದು ಸೊಸೆಯ ನೋಟ್‌ಬುಕ್ಕೇ ಎಂದು ನನಗೆ ಆಗಲೇ ಗೊತ್ತಾಯಿತು. ಸುತ್ತಿದ ಹಾಸನ್ನು ಬಿಚ್ಚುವಂತಿರಲಿಲ್ಲ, ನಿಜ. ಬಾಯಿಯನ್ನಾದರೂ ಬಿಚ್ಚಬಹುದಿತ್ತು.

ನೇಯ್ದಂತೆಲ್ಲ ಬೀಮು ತಿರುಗಿ ಒಂದೊಂದೇ ಹಾಳೆ ಬೀಳತೊಡಗಿತು. ಕದ್ದು ಓದಿದೆ. ‘ಈತ ಕನ್ನಡದಾಗ ಹೇಳ್ತಾನ, ಚಲೋ.’ ‘ಈತ ಭಾಳ ಓಡ್ತಾನ, ಬಿಡು.’ ‘ಇದರಾಗ ಬರದ ಕೂಡ್ಲೆ ಪುಟ ಕಾಣತೈತಿ.’ ನನಗೂ ರುಚಿ ಹತ್ತಿತು, ಫೋನು ಹಿಡಿದು ಕೂತೆ. ಆದರೆ ಕೊನೆಗೆ ಸುತ್ತಿದ್ದು ಮೊದಲು ಬರುತ್ತದಲ್ಲ, ನನ್ನ ಪಾಠ ಹಿಂದಿನಿಂದ ಶುರುವಾಯಿತು. ಬಣ್ಣ ಹಾಕುವುದು ಬಂತು, ಫೋಟೊ ಇಡುವುದು ಬರಲಿಲ್ಲ.

ಕುಂಕುಮ ಬಣ್ಣದ ಖಾಲಿ ಪುಟವನ್ನು ಸೊಸೆಗೆ ಹೆಮ್ಮೆಯಿಂದ ತೋರಿಸಿದೆ.

“ಮಾವಾರ, ನೀವ ಮಾಡಿದ್ರಿ? ಬಣ್ಣ ಚಲೋ ಐತಿ, ಸೀರಿ ಎಲ್ಲೈತ್ರಿ?”

“ಆ ಹಾಳಿ ಇನ್ನೂ ಬಿದ್ದಿಲ್ಲವಾ.”

“ಯಾವ ಹಾಳಿ?”

ಸಿಕ್ಕಿಬಿದ್ದೆ. ಮಗ್ಗದ ಹತ್ತಿರ ಕರೆದೊಯ್ದು ತೋರಿಸಿ, ತಪ್ಪಾಯಿತು ಅಂದೆ. ಬೈಯುತ್ತಾಳೆ ಅಂದುಕೊಂಡರೆ ಸೆರಗು ಬಾಯಿಗಿಟ್ಟು ನಕ್ಕಳು. “ಲಗೂ ನೇಯ್ರಿ ಮತ್ತ, ನನಗ ಮೊದಲನೆ ಹಾಳಿ ಬೇಕಾಗೇತಿ!” ಅಷ್ಟು ಹುರುಪಿನಿಂದ ನಾನು ಹರೆಯದಲ್ಲೂ ನೇಯ್ದವನಲ್ಲ.

ಪುಟ ಆಯಿತು. ಅದರಲ್ಲಿರುವುದು ಅದೇ ಹಾಸಿನ ಸೀರೆ. ನೋಡಿದ ನನ್ನ ಹೆಂಡತಿ ಹಿಗ್ಗಿ, “ನಾ ರದ್ದಿಗೆ ಹಾಕಿದ್ರೂ ಮತ್ತ ಕಲತು ಮಾಡಿದ್ಯಲ್ಲವಾ, ಶಾಣ್ಯಾಕಿ” ಎಂದಳು.

ಸೊಸೆ ನನ್ನ ಮುಖ ನೋಡಿದಳು. “ಅದನ್ನ ಮಾವಾರನ್ನ ಕೇಳ್ರಿ.”

ನಾನು ತಲೆ ತಗ್ಗಿಸಿ ಲಾಳಿ ತೂರಿದೆ.

ಮಾಡದ ತಪ್ಪನ್ನು ಇಂದಿಗೂ ತನ್ನದೆಂದೇ ನಂಬಿಕೊಂಡು, ಈಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳಲ್ಲ, ನಾನು ಇನ್ನೂ ಕ್ಷಮೆ ಕೇಳಬೇಕಿರುವುದು ಆಕೆಯನ್ನೇ, ನನ್ನ ಹೆಂಡತಿಯನ್ನು.